ಅವರೆಗೆ ಕತ್ತಲೆ ಹೊದಿಸಿದ ಬೇಸಿಗೆ

ಮಗಳಿಗೆ ವಸತಿ ಶಾಲೆಯಲ್ಲಿ ಆರನೇ ತರಗತಿಗೆ ಸೀಟು ಸಿಕ್ಕಿದ ಸುದ್ದಿ ಬಂದಾಗ ನಾನು ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಕೆಂಪು ಪೆನ್ನು ಹಿಡಿದೇ ಎದ್ದು ನಿಂತು ಎಲ್ಲರಿಗೂ ಹೇಳಿದೆ. ಹೆಡ್ ಮೇಷ್ಟ್ರು ಯಾರನ್ನೋ ಓಡಿಸಿ ಮೈಸೂರು ಪಾಕು ತರಿಸಿದರು. ಆ ಪ್ರವೇಶ ಪರೀಕ್ಷೆಗೆ ಸಂಜೆ ಸಂಜೆ ನಾನೇ ಅವಳನ್ನು ಕೂರಿಸಿಕೊಂಡು ತಯಾರು ಮಾಡಿದ್ದೆ. ಮೈಸೂರು ಪಾಕಿನ ಚೂರು ಬಾಯಲ್ಲಿ ಕರಗುವ ಹೊತ್ತಿಗೆ ಇನ್ನೊಂದು ಲೆಕ್ಕ ತಲೆಗೆ ಬಂತು. ಜುಲೈನಿಂದ ಸಂಜೆ ಮನೆಯಲ್ಲಿ ನಾನೊಬ್ಬಳೇ.

ಹೊಳೆನರಸೀಪುರದಲ್ಲಿ ನಮ್ಮದು ಬಾಡಿಗೆ ಮನೆ. ಮಗಳ ಅಪ್ಪ ಅವಳು ಅಂಗನವಾಡಿಗೆ ಹೋಗುವ ಕಾಲಕ್ಕೇ ತೀರಿಕೊಂಡರು. ಆಮೇಲೆ ಆ ಮನೆಯಲ್ಲಿ ಬೆಳೆದದ್ದು ಎರಡೇ, ಒಂದು ಮಗಳು, ಇನ್ನೊಂದು ಪಕ್ಕದ ಸಣ್ಣ ಖಾಲಿ ಜಾಗದ ಹಿತ್ತಲು. ಬೆಳಿಗ್ಗೆ ಎದ್ದು ಹಿತ್ತಲು ನೋಡಿದರೆ ಬದನೆ ಒಂದು ಎಲೆ ಜಾಸ್ತಿ ಬಿಟ್ಟಿರುತ್ತಿತ್ತು. ಒಳಗೆ ಬಂದು ಮಗಳಿಗೆ ಯೂನಿಫಾರ್ಮ್ ಹಾಕಿದರೆ ತೋಳು ಗೇಣಿನಷ್ಟು ಹೊರಗೆ ಬಂದಿರುತ್ತಿತ್ತು. ದಿನಾ ನೋಡುವವರಿಗೆ ಬೆಳೆಯುವುದು ಗೊತ್ತಾಗುವುದಿಲ್ಲ ಅನ್ನುತ್ತಾರೆ. ನನಗೆ ಗೊತ್ತಾಗುತ್ತಿತ್ತು. ನೋಡುವುದಕ್ಕೆ ಬೇರೆ ಏನೂ ಇರಲಿಲ್ಲವಲ್ಲ.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಗಂಡಸರೂ ಸೇರಿಸಿ ಹೇಳುತ್ತಿದ್ದೇನೆ. ಅರಕಲಗೂಡು ತಾಲ್ಲೂಕಿನ ನಮ್ಮೂರಿನ ಶಾಲೆಯಲ್ಲಿ ಐದನೇ ತರಗತಿ ಮುಗಿಸಿ, ಹಾಸನದ ಹಾಸ್ಟೆಲಿಗೆ ಒಂದು ಟ್ರಂಕು ಹೊತ್ತು ಹೋದವಳು, ಬಿ.ಎಸ್ಸಿ., ಬಿ.ಎಡ್. ಮುಗಿಸಿಯೇ ಆ ಟ್ರಂಕು ವಾಪಸ್ ತಂದದ್ದು. ನೀರು ಸಾರು, ತಿಗಣೆ, ಚಳಿಗಾಲದ ತಣ್ಣೀರು, ಯಾವುದನ್ನೂ ನಾನು ಕಷ್ಟ ಅಂತ ಹೇಳಿಕೊಂಡವಳಲ್ಲ. ನಮ್ಮ ಹೈಸ್ಕೂಲಿನಲ್ಲಿ ತಾಯಂದಿರ ಸಭೆ ನಡೆದರೆ ವಿಜ್ಞಾನದ ಟೀಚರಾದ ನನ್ನನ್ನೇ ಮಾತಿಗೆ ನಿಲ್ಲಿಸುತ್ತಾರೆ. ಅಲ್ಲಿ ಪ್ರತಿ ಸಲವೂ ಒಂದು ಮಾತು ಹೇಳುತ್ತಿದ್ದೆ. "ನಮ್ಮವ್ವನಿಗೆ ಹೆಬ್ಬೆಟ್ಟು ಬಿಟ್ಟರೆ ಬೇರೆ ಸಹಿ ಗೊತ್ತಿಲ್ಲ. ಆದರೂ ಒಂದು ಹನಿ ಕಣ್ಣೀರು ಹಾಕದೆ ನನ್ನನ್ನು ಓದಲಿಕ್ಕೆ ಕಳಿಸಿದಳು. ನೀವೂ ಕಳಿಸಿ." ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಂಥ ಭಾಷಣ ಮಾಡಿದವಳು ಈಗ ಮಗಳನ್ನು ಕಳಿಸುವುದಿಲ್ಲ ಅನ್ನುವುದು ಹೇಗೆ?

ಕಳಿಸುವುದೇ ಸರಿ ಅಂದುಕೊಂಡೆ. ಆದರೆ ಕಳಿಸುವ ಮೊದಲು ನನಗೆ ಒಂದೇ ಒಂದು ಅವರೆಕಾಯಿ ಕಾಲ ಬೇಕಿತ್ತು.

ಅದಕ್ಕೆ ಕಾರಣ ಹೇಳಬೇಕು. ನನ್ನ ಮಗಳದು ಮಾತು ಕಡಿಮೆ. ಶಾಲೆಯಲ್ಲಿ ಏನಾಯಿತು ಅಂದರೆ "ಏನಿಲ್ಲ" ಅನ್ನುತ್ತಾಳೆ. ಅವಳು ಬಾಯಿ ಬಿಡುವುದು ಡಿಸೆಂಬರು ಜನವರಿಯಲ್ಲಿ ಮಾತ್ರ, ನಾವಿಬ್ಬರೂ ನೆನೆಹಾಕಿದ ಅವರೆಕಾಳು ಮುಂದಿಟ್ಟುಕೊಂಡು ಸಿಪ್ಪೆಯಿಂದ ಬೇಳೆ ಹಿಸುಕುತ್ತಾ ಕೂತಾಗ. ಕೈಗೆ ಕೆಲಸ ಇದ್ದರೆ, ಕಣ್ಣು ಕಾಳಿನ ಮೇಲಿದ್ದರೆ, ಅವಳಿಗೆ ಮಾತು ಬರುತ್ತದೆ. ಯಾರ ಜೊತೆ ಟೂ ಬಿಟ್ಟಳು, ಯಾರು ಅವಳನ್ನು "ಅಪ್ಪ ಇಲ್ಲದವಳು" ಅಂದರು, ಸತ್ತವರಿಗೆ ನಾವು ದೊಡ್ಡವರಾಗಿದ್ದು ಗೊತ್ತಾಗುತ್ತದಾ, ಎಲ್ಲವೂ ಆ ಪಾತ್ರೆಯ ಮುಂದೆಯೇ ಬಂದದ್ದು. ನಡುವೆ ಒಂದು ಬೇಳೆ ಬೆರಳಿನಿಂದ ಚಿಮ್ಮಿ ನನ್ನ ಕೆನ್ನೆಗೆ ಬಡಿದರೆ ಬಿದ್ದು ಬಿದ್ದು ನಗುತ್ತಿದ್ದಳು. ಮುಂದಿನ ಡಿಸೆಂಬರಿನಲ್ಲಿ ಅವಳು ಹಾಸ್ಟೆಲಿನಲ್ಲಿ. ಇದನ್ನು ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ.

ಯುಗಾದಿ ಮುಗಿದ ವಾರ ಹಿತ್ತಲಿನಲ್ಲಿ ಪಾತಿ ಮಾಡಿ ಅವರೆ ಹಾಕಿದೆ. ನಮ್ಮ ಕಡೆಯ ಯಾರೇ ಕೇಳಿದರೂ ನಗುವ ಕೆಲಸ ಇದು. ಹೊಲದ ಅವರೆ ಹಾಕುವುದು ರಾಗಿಯ ಜೊತೆ ಸಾಲಿನಲ್ಲಿ, ಮಳೆಗಾಲದಲ್ಲಿ. ಚಳಿ ಬಿದ್ದು ಮಂಜು ಹನಿಸಿದರೆ ಅದು ಹೂವಾಗುತ್ತದೆ, ಅದಕ್ಕೂ ಮೊದಲು ಆಗುವುದಿಲ್ಲ. ಎಲ್ಲ ಕಾಲಕ್ಕೂ ಬಿಡುವ ಅವರೆಯ ಬೀಜ ಅಂಗಡಿಯಲ್ಲಿ ಸಿಗುತ್ತದೆ. ಅಂಗಡಿಯವನು ಪೊಟ್ಟಣ ಕೈಗೂ ಕೊಟ್ಟ. ನಾನು ವಾಪಸ್ ಇಟ್ಟು ಬಂದೆ. ಅದರಲ್ಲಿ ಸೊಗಡಿಲ್ಲ. ಬಿಡಿಸಿದರೆ ಕೈಗೆ ವಾಸನೆ ಹತ್ತದ ಅವರೆ ಅವರೆಯೇ ಅಲ್ಲ ಅಂತ ನಂಬಿ ಬೆಳೆದವಳು ನಾನು. ಅವ್ವ ಬೂದಿ ಬೆರೆಸಿ ಇಟ್ಟಿದ್ದ ಊರಿನ ಬೀಜವೇ ಆಗಬೇಕಿತ್ತು. ಆ ಹಟದಲ್ಲೇ ನಾನು ಕೆಟ್ಟದ್ದು.

ಹೂವಾಗುವುದಿಲ್ಲ ಅಂತ ಗೊತ್ತಿದ್ದೂ ಯಾಕೆ ಹಾಕಿದೆ? ನಾನು ಸಸ್ಯಶಾಸ್ತ್ರ ಓದಿದವಳು. ಊರಿನವರು ಮಂಜು ಅನ್ನುವುದನ್ನು ನಮ್ಮ ಪಾಠದಲ್ಲಿ ಬೇರೆ ರೀತಿ ಹೇಳಿಕೊಟ್ಟಿದ್ದರು. ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗ ಹೂ ಬಿಡುವ ಗಿಡಗಳಲ್ಲಿ ಇದೂ ಒಂದು. ಹಾಗಿದ್ದರೆ ರಾತ್ರಿಯನ್ನು ನಾನೇ ಉದ್ದ ಮಾಡಿದರೆ? ಬೇಸಿಗೆಯಲ್ಲೇ ಗಿಡಕ್ಕೆ ಡಿಸೆಂಬರು ತಂದುಕೊಟ್ಟರೆ? ಡಿಗ್ರಿ ಒಂದು ಸಲವಾದರೂ ನನ್ನ ಸ್ವಂತಕ್ಕೆ ಉಪಯೋಗಕ್ಕೆ ಬರಲಿ ಅನ್ನಿಸಿತು.

ನಾಲ್ಕು ಗೂಟ ನೆಟ್ಟು, ಸುತ್ತ ತಂತಿ ಬಿಗಿದು, ಟೆಂಟಿನ ಹಾಗೆ ಕಪ್ಪು ಟಾರ್ಪಾಲು ಇಳಿಬಿಡುವ ಏರ್ಪಾಡು ಮಾಡಿದೆ. ಸಂಜೆ ನಾಲ್ಕೂವರೆಗೆ ಹೊದಿಸಬೇಕು. ಸಂದಿಯಲ್ಲಿ ಬೆಳಕು ಬರದಂತೆ ಅಂಚಿಗೆ ಇಟ್ಟಿಗೆ ಇಡಬೇಕು. ಬೆಳಿಗ್ಗೆ ಏಳಕ್ಕೆ ತೆಗೆಯಬೇಕು. ಒಂದು ದಿನವೂ ತಪ್ಪಬಾರದು.

ಮಹಡಿಯ ಮೇಲಿದ್ದ ಓನರಮ್ಮ ಬಟ್ಟೆ ಒಣಗಹಾಕುತ್ತಾ ಇದನ್ನೆಲ್ಲ ನೋಡುತ್ತಿದ್ದರು.

"ಏನ್ ಟೀಚರಮ್ಮ, ಈ ಬಿಸಿಲ್ನಾಗೆ ಗಿಡಕ್ಕೆ ಚಳಿಯಾ?"

"ಹೂವಾಗ್ಲಿ ಅಂತ ಬೇಗ ಮಲಗಿಸ್ತಾ ಇದೀನಿ ಆಂಟಿ."

"ಮಲಗ್ಸಿ, ಮಲಗ್ಸಿ. ನಂ ಮನೇವ್ರಿಗೂ ಒಂದ್ ಟಾರ್ಪಾಲ್ ಇದ್ರೆ ಕೊಡಿ. ಸಂಜೆ ಆದ್ರೆ ಟೀವಿ ಮುಂದಿಂದ ಏಳಾಕಿಲ್ಲ, ಅವ್ರೂ ಊವಾದ್ರೆ ನೋಡಾನ."

ಬೀದಿಯ ಹೆಂಗಸರಿಗೆ ಇದು ದಿನದ ತಮಾಷೆಯಾಯಿತು. ನಾಲ್ಕೂವರೆಗೆ ನಾನು ಹಿತ್ತಲಿಗೆ ಇಳಿದರೆ ಎದುರು ಮನೆಯಿಂದ "ಟೀಚರಮ್ಮ ಲಾಲಿ ಆಡಕ್ ಬಂದ್ರು ಕಣ್ರೇ" ಅಂತ ಕೇಳಿಸುತ್ತಿತ್ತು. ನಗಲಿ ಅಂತ ಬಿಟ್ಟೆ.

ಒಂದು ಸಂಜೆ ಮಗಳು ಹಿತ್ತಲ ಬಾಗಿಲಲ್ಲಿ ನಿಂತುಕೊಂಡಳು. ಹೊಳೆ ಕಡೆ ಹೋಗಿ ಬರೋಣ ಅಂತ ಮಧ್ಯಾಹ್ನದಿಂದ ಕೇಳುತ್ತಿದ್ದವಳು.

"ಅಮ್ಮ, ಬಾರೇ."

"ಇದೊಂದು ಅಂಚು ಮುಚ್ಚಿಬಿಡ್ತೀನಿ, ತಡಿ. ಬೆಳಕು ಹೋಗ್ತಿದೆ ಒಳಗೆ."

"ನೆನ್ನೇನೂ ಹಿಂಗೇ ಅಂದೆ. ಅದಕ್ಕೆ ಕತ್ತಲೆ ಬೇಡ ಅನ್ಸತ್ತೆ ಅಮ್ಮ. ನೋಡು, ಹೆಂಗೆ ಬೆವರಿದೆ."

ನಿಜ, ಟಾರ್ಪಾಲು ಸರಿಸಿದರೆ ಒಳಗೆ ಸ್ನಾನದ ಮನೆಯ ಹಬೆ. ಎಲೆಗಳ ತುದಿ ಬೆಂದ ಹಾಗೆ ಕಂದಾಗಿತ್ತು. ಆದರೂ ಅಂಚು ಮುಚ್ಚಿದೆ. ಇಟ್ಟಿಗೆಗಳನ್ನು ಸರಿಮಾಡಿ ತಲೆಯೆತ್ತಿದರೆ ಬಾಗಿಲಲ್ಲಿ ಅವಳಿರಲಿಲ್ಲ. ಒಳಗೆ ಹೋಗಿ ಮೊಬೈಲು ಹಿಡಿದು ಕೂತಿದ್ದಳು. ಹೊಳೆಗೆ ಹೋಗಲಿಲ್ಲ.

ಈಗ ಆ ಬೇಸಿಗೆಯನ್ನು ನೆನೆದರೆ ನನಗೆ ಕಾಣುವುದು ಆ ಕಪ್ಪು ಟಾರ್ಪಾಲೇ. ದಿನಗಳು ಕೈಗೆ ಸಿಗದೆ ಓಡುತ್ತಿವೆ ಅಂತ ಕೊರಗುತ್ತಿದ್ದವಳು, ಇನ್ನೂ ಎರಡು ಗಂಟೆಯ ಬಿಸಿಲು ಬಾಕಿ ಇರುವಾಗಲೇ ಪ್ರತಿ ಹಗಲನ್ನೂ ಕೈಯಾರೆ ಮುಗಿಸುತ್ತಿದ್ದೆ. ಅವಳು ಎಲ್ಲಾದರೂ ಕರೆದುಕೊಂಡು ಹೋಗು ಅಂದ ಹೊತ್ತೂ ಅದೇ, ನಾಲ್ಕೂವರೆ.

ಮೇ ಕೊನೆಯಲ್ಲಿ ಎರಡು ಗೊಂಚಲು ಮೊಗ್ಗು ಬಂದವು. ನಾನು ಕೂಗಿದ ಕೂಗಿಗೆ ಓನರಮ್ಮ ಮಹಡಿಯಿಂದ ಬಗ್ಗಿ ನೋಡಿದರು. ಬಿಳಿ ಹೂ ಬಿಟ್ಟಿತು. ಶಾಸ್ತ್ರ ಸುಳ್ಳಾಗಲಿಲ್ಲ. ಆದರೆ ಸೆಕೆಗೆ ಆ ಹೂಗಳು ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಟಾರ್ಪಾಲು ತೆಗೆದರೆ ಅಷ್ಟೂ ಉದುರಿ ಮಣ್ಣಿಗೆ ಅಂಟಿದ್ದವು. ಒಂದು ಕಾಯಿಯೂ ಕಚ್ಚಲಿಲ್ಲ. ಟಾರ್ಪಾಲು ಮಡಿಸಿ ಅಟ್ಟಕ್ಕೆ ಎಸೆದೆ. ಆಮೇಲೆ ಮಳೆ ಹಿಡಿದು, ಗಿಡ ಬರೀ ಸೊಪ್ಪಾಗಿ ಪಾತಿ ದಾಟಿ ಕಾಂಪೌಂಡಿನ ತನಕ ಹಬ್ಬಿತು. ಡಿಸೆಂಬರಿಗೆ ಅದೇ ಗಿಡ ತನ್ನ ಪಾಡಿಗೆ ಬಿಟ್ಟ ಕಾಯನ್ನು ಬೀದಿಗೆಲ್ಲ ಹಂಚಿದೆ. ನಾನೊಬ್ಬಳು ಎಷ್ಟು ಹಿಸುಕಲಿ?

ಜುಲೈನಲ್ಲಿ ಮಗಳನ್ನು ವಸತಿ ಶಾಲೆಗೆ ಬಿಟ್ಟು ಬಂದೆ. ಶಾಲೆ ಇರುವುದು ಚನ್ನರಾಯಪಟ್ಟಣದ ಆಚೆ, ಹಿರೀಸಾವೆಯ ಕಡೆಗೆ. ತೆಂಗಿನ ತೋಟಗಳ ನಡುವೆ ದೊಡ್ಡ ಕಾಂಪೌಂಡು, ಸ್ವಚ್ಛವಾಗಿದೆ. ನನ್ನ ಕಾಲದ ಹಾಸ್ಟೆಲಿಗೆ ಹೋಲಿಸಿದರೆ ಅರಮನೆ. ಮಗಳು ಅಳಲಿಲ್ಲ. ನಾನೂ ಅಳಲಿಲ್ಲ. ನಮ್ಮವ್ವ ಅಳಲಿಲ್ಲವಲ್ಲ ಅಂತ ಬಿಗಿಹಿಡಿದುಕೊಂಡು ಬಸ್ಸು ಹತ್ತಿದೆ.

ಅವಳು ಅತ್ತದ್ದು ಆಮೇಲೆ. ಭಾನುವಾರ ವಾರ್ಡನ್ ಮೇಡಂ ಫೋನಿನಿಂದ ಮಾತಾಡಿಸುತ್ತಿದ್ದರು. ಮೊದಲ ವಾರ ಬರೀ ಬಿಕ್ಕುವ ಸದ್ದು. ಎರಡನೇ ವಾರ "ಅಮ್ಮ, ಬಂದು ಕರ್ಕೊಂಡು ಹೋಗು." ಆಮೇಲೆ ಪ್ರತಿ ವಾರವೂ ಅದೇ ಮಾತು. ಫೋನಿಟ್ಟ ಮೇಲೆ ನನಗೆ ಮನೆಯೊಳಗೆ ಕೂರಲು ಆಗುತ್ತಿರಲಿಲ್ಲ. ಒಬ್ಬಳಿಗೆ ಮುದ್ದೆ ತಿರುವುವುದು ಎಷ್ಟು ಬೇಜಾರಿನ ಕೆಲಸ ಅಂತ ತಿರುವಿದವರಿಗೇ ಗೊತ್ತು. ಹಿಟ್ಟು ಕಡಿಮೆಯಾಗಿ ಕೋಲಿಗೆ ಸಿಗುವುದಿಲ್ಲ. ಕೊನೆಗೆ ಬ್ರೆಡ್ಡು ತಿಂದು ಮಲಗುವುದು ರೂಢಿಯಾಯಿತು. ಬೆಳಿಗ್ಗೆ ಹಿತ್ತಲು ನೋಡಿದರೆ ಎಲ್ಲ ಬೆಳೆದಿರುತ್ತಿತ್ತು. ಯಾರಿಗೆ ಹೇಳುವುದು?

ಶಾಲೆಯ ಆಫೀಸಿಗೆ ಫೋನ್ ಮಾಡಿ ವಿಚಾರಿಸಿದೆ. ಬಿಡಿಸಿಕೊಂಡು ಹೋಗಬಹುದು, ಆದರೆ ಬಿಟ್ಟ ಸೀಟು ಕಾದು ಕೂತಿರುವ ಮುಂದಿನ ಮಗುವಿಗೆ ಹೋಗುತ್ತದೆ, ಮತ್ತೆ ಸಿಗುವುದಿಲ್ಲ ಅಂದರು. ಕರೆದುಕೊಂಡು ಬರುವುದೋ, ಬಿಡುವುದೋ. ಅವತ್ತಿನಿಂದ ತಲೆಯಲ್ಲಿ ಇದೊಂದೇ.

ಗೌರಿ ಹಬ್ಬಕ್ಕೆ ಅವಳಿಗೆ ರಜೆ ಕೊಡಲಿಲ್ಲ. ನಾನೊಬ್ಬಳೇ ತವರಿಗೆ ಹೋದೆ. ಅವ್ವ ನಮ್ಮಣ್ಣನ ಮನೆಯಲ್ಲಿದ್ದಾಳೆ. ಊಟವಾದ ಮೇಲೆ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದಳು. ಪಕ್ಕದಲ್ಲಿ ಕೂತು ಕೇಳಿದೆ.

"ಅವ್ವ, ನನ್ನ ಹಾಸ್ಟೆಲಿಗೆ ಕಳಿಸ್ದಾಗ ನಿಂಗೆ ಹೆಂಗಾಗಿತ್ತು?"

"ನಾನ್ ಯಾವಾಗ ಕಳಿಸ್ದೆ? ಕಳಿಸ್ದೋನು ನಿಮ್ಮಪ್ಪ. ನಾನ್ ಬ್ಯಾಡ ಅಂದೆ."

ನಾನು ಅವಳ ಮುಖ ನೋಡಿದೆ. "ಸುಳ್ಳು ಹೇಳ್ಬೇಡ. ಅವತ್ತು ಒಂದು ಹನಿ ಕಣ್ಣೀರು ಹಾಕ್ಲಿಲ್ಲ ನೀನು."

"ನಿಮ್ಮಪ್ಪನ ಮ್ಯಾಲೆ ಸಿಟ್ಟು ಕಣೆ! ಸಿಟ್ಟಿನಾಗೆ ಅಳು ಎಲ್ಲಿಂದ ಬತ್ತದೆ? ವಾರ ಆ ಮನ್ಸನ್ ಜೊತೆ ಮಾತೇ ಆಡ್ನಿಲ್ಲ. ಇಟ್ಟು ಇಕ್ಕು ಅಂದ, ಆಸನದ ಆಸ್ಟಲ್ಗೆ ಓಗಿ ಉಣ್ಣು ಅಂದೆ."

ಒಳಗಿನಿಂದ ಅತ್ತಿಗೆ ಕಿಸಕ್ಕೆಂದು ನಕ್ಕರು. ಅವ್ವನೂ ನಕ್ಕಳು. ನನಗೆ ನಗು ಬರಲಿಲ್ಲ. ಎಷ್ಟು ಸಭೆಗಳಲ್ಲಿ, ಎಷ್ಟು ತಾಯಂದಿರ ಮುಂದೆ ಇವಳ ಹೆಸರಿನಲ್ಲಿ ಭಾಷಣ ಮಾಡಿದ್ದೆ!

"ಆಮೇಲೆ ಹೆಂಗಿದ್ದೆ ಅವ್ವ?"

"ಆಮೇಲೇನು, ಒತ್ತೇ ಮುಳುಗ್ತಿರ್ಲಿಲ್ಲ. ಅಸ ಕರೆದ್ರೂ ಬಿಸ್ಲು ಅಲ್ಲೇ, ಕಸ ಗುಡ್ಸಿದ್ರೂ ಅಲ್ಲೇ. ನೀನ್ ರಜಕ್ಕೆ ಬಂದ್ರೆ ಯಾರೋ ನೆಂಟ್ರ ಉಡ್ಗಿ ಬಂದಂಗೆ. ಸ್ವಾಪು ಅಂತೀಯ, ಬ್ರೆಶ್ಶು ಅಂತೀಯ. ನಿನ್ ಲಂಗ ಯಾವಾಗ ಗಿಡ್ಡ ಆಯ್ತು ಅಂತ್ಲೂ ನಾನ್ ಕಾಣ್ನಿಲ್ಲ ಕಣವ್ವ."

ಆಮೇಲೆ ಮಗಳು ಫೋನಿನಲ್ಲಿ ಅಳುವುದನ್ನು ಹೇಳಿದೆ. ಅವ್ವ ಯೋಚನೆಯನ್ನೇ ಮಾಡಲಿಲ್ಲ.

"ಕರ್ಕಂಬಂದ್ಬುಡು ಅತ್ಲಾಗೆ. ನಿಮ್ಮೂರ್ನಾಗೆ ಇಸ್ಕೂಲಿಲ್ವಾ? ನೀನೇ ಮೇಷ್ಟ್ರು."

"ನಾನು ಹಾಸ್ಟೆಲಲ್ಲಿ ಓದಿದ್ದಕ್ಕೆ ತಾನೇ ಅವ್ವ ಇವತ್ತು ಹಿಂಗಿರೋದು?"

"ಊಂ ಕಣವ್ವ, ಚೆನ್ನಾಗಿದ್ದೀಯ. ಇಲ್ಲ ಅಂದ್ನಾ ನಾನು? ನೀನ್ ಚೆನ್ನಾಗಿದ್ದೀಯ. ನಂಗೆ ನೀನ್ ಸಿಗ್ನಿಲ್ಲ. ಎಲ್ಡೂ ದಿಟವೇ."

ಅಷ್ಟು ಹೇಳಿ ಬಾಯಿ ಮುಕ್ಕಳಿಸಲು ಎದ್ದು ಹೋದಳು. ಅವಳಿಗೆ ಅದು ದೊಡ್ಡ ಮಾತಾಗಿರಲಿಲ್ಲ. ನನಗೆ ಅವತ್ತು ರಾತ್ರಿ ಊರಿನಲ್ಲೇ ಉಳಿಯಬೇಕು ಅನ್ನಿಸಿತು, ಉಳಿದೆ. ಅವಳ ಪಕ್ಕದಲ್ಲೇ ಚಾಪೆ ಹಾಸಿಕೊಂಡೆ. ಬೆಳಿಗ್ಗೆ ಅವಳು ನನಗಿಂತ ಮೊದಲು ಎದ್ದು ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಳು. "ಕೂದ್ಲು ನೆರೆದೋಗದೆ ಕಣೆ ನಿಂದು" ಅಂದಳು, ಈಗಷ್ಟೇ ಕಂಡವಳ ಹಾಗೆ.

ಮುಂದಿನ ಭಾನುವಾರ ದೊಡ್ಡ ಬ್ಯಾಗೊಂದನ್ನು ಖಾಲಿ ಹಿಡಿದುಕೊಂಡು ಮಗಳ ಶಾಲೆಗೆ ಹೋದೆ. ತೀರ್ಮಾನ ಆಗಿತ್ತು. ಅವಳು ಬರುತ್ತೇನೆ ಅಂದ ಕ್ಷಣ ಬಟ್ಟೆ ತುಂಬುವುದು, ಸಂಜೆಯೊಳಗೆ ಮನೆ. ಬಸ್ಸಿನಲ್ಲಿ ಕೂತು ಮುಂದಿನದನ್ನೂ ಯೋಚಿಸಿದ್ದೆ. ನಮ್ಮ ಹೈಸ್ಕೂಲಿನಲ್ಲಿ ಜನ ಆಡಿಕೊಳ್ಳುತ್ತಾರೆ, ಹೆಡ್ ಮೇಷ್ಟ್ರು "ಎಂಥಾ ಸೀಟು ಕಳ್ಕೊಂಡ್ರಿ" ಅನ್ನುತ್ತಾರೆ. ಅನ್ನಲಿ. ಬೆಳಿಗ್ಗೆ ಎದ್ದು ಮಗಳ ಮುಖ ನೋಡುವುದು ನನಗೆ ಬೇಕು.

ಅವಳು ಓಡಿ ಬಂದಳು. ಬೈತಲೆ ಸೊಟ್ಟಗಿತ್ತು, ಒಂದು ಜಡೆ ಮೇಲೆ, ಒಂದು ಕೆಳಗೆ.

"ಯಾರೇ ಹಾಕಿದ್ದು ಜಡೆ?"

"ನಾನೇ." ಹೆಮ್ಮೆಯಿಂದಲೇ ಹೇಳಿದಳು. ತಂದಿದ್ದ ಚಕ್ಕುಲಿ ತಿನ್ನುತ್ತಾ ಬ್ಯಾಗಿನ ಕಡೆ ನೋಡಿದಳು. "ಇಷ್ಟು ದೊಡ್ಡ ಬ್ಯಾಗು ಯಾಕಮ್ಮ?"

"ನಿನ್ನ ಕರ್ಕೊಂಡು ಹೋಗೋಕೆ."

ಅಗಿಯುವುದು ನಿಂತಿತು. "ಇವತ್ತಾ?"

"ಹೂಂ. ನೀನೇ ಅಲ್ವಾ ಪ್ರತಿ ವಾರ ಕರೀತಿದ್ದಿದ್ದು?"

"ಇವತ್ತು ಆಗಲ್ಲ ಅಮ್ಮ. ಸಾಯಂಕಾಲ ಖೋ ಖೋ ಇದೆ. ನನ್ನ ಟೀಮಿಗೆ ಹಾಕ್ಕೊಂಡಿದ್ದಾರೆ. ಏಳನೇ ಕ್ಲಾಸಿನವ್ರ ಮೇಲೆ."

"ಮತ್ತೆ ಫೋನಲ್ಲಿ ಹಂಗೆ ಅಳ್ತಿದ್ದೆ?"

ಅವಳು ಚಕ್ಕುಲಿಯ ಮುಳ್ಳನ್ನು ಉಗುರಿನಿಂದ ಒಂದೊಂದೇ ಮುರಿಯುತ್ತಿದ್ದಳು. ಕಣ್ಣು ಅದರ ಮೇಲೇ ಇತ್ತು. "ಅದು ನಿನ್ನ ದನಿ ಕೇಳಿದ್ರೆ ಬರುತ್ತೆ ಅಮ್ಮ. ಫೋನ್ ಇಟ್ಮೇಲೆ ಸರಿ ಹೋಗುತ್ತೆ." ಆಮೇಲೆ ನನಗೇ ಸಮಾಧಾನ ಹೇಳುವವಳ ಹಾಗೆ ಅಂದಳು, "ಮುಂದಿನ ಸಲ ನೋಡೋಣ, ಆಯ್ತಾ?"

ನಾನು ಬಲವಂತ ಮಾಡಬಹುದಿತ್ತು. ಹನ್ನೊಂದು ವರ್ಷದ ಮಗು, ಕೈಹಿಡಿದು ಎಳೆದಿದ್ದರೆ ಬರುತ್ತಿದ್ದಳು. ಇನ್ನೊಂದು ವಾರ ಕಳೆದರೆ ಇನ್ನೊಂದು ಆಟ ಬರುತ್ತದೆ, ಆಮೇಲೆ ಪರೀಕ್ಷೆ, ಆಮೇಲೆ ಯಾರೋ ಗೆಳತಿ. ಈ "ಮುಂದಿನ ಸಲ" ಅನ್ನುವುದು ಬರುವುದೇ ಇಲ್ಲ ಅಂತ ನನಗೆ ಅಲ್ಲೇ ಗೊತ್ತಾಯಿತು, ಯಾಕೆಂದರೆ ನಾನೂ ಹಾಸ್ಟೆಲಿನವಳೇ. "ಆಯ್ತು" ಅಂದೆ. ಸೊಟ್ಟ ಜಡೆಯನ್ನು ಬಿಚ್ಚಿ ಹಾಕಿಕೊಡಲಾ ಅಂದರೆ ಬೇಡ ಅಂದಳು. ಬ್ಯಾಗನ್ನು ಮಡಿಸಿ ಮಡಿಸಿ ಸಣ್ಣ ಮಾಡಿದೆ.

ಮಧ್ಯಾಹ್ನ ಭೇಟಿಯ ಹೊತ್ತು ಮುಗಿಯಿತು. ಬೇರೆ ತಾಯಿತಂದೆಯರೆಲ್ಲ ಹೊರಟರು. ನಾನು ಗೇಟಿನ ಹೊರಗೆ, ಮೈದಾನದ ಬೇಲಿ ಪಕ್ಕದ ಹೊಂಗೆಮರದ ಕೆಳಗೆ ಕಲ್ಲಿನ ಮೇಲೆ ಕೂತೆ. ಸಂಜೆಯಾಗಿ ಆಟ ಶುರುವಾಯಿತು. ಸಾಲಿನಲ್ಲಿ ಮೊಣಕಾಲೂರಿ ಕೂತ ಹುಡುಗಿಯರಲ್ಲಿ ನಡುವಿನವಳು ನನ್ನ ಮಗಳು. ಅವಳ ಮುಖ ಆ ಕಡೆಗಿತ್ತು, ನನಗೆ ಕಾಣುತ್ತಿದ್ದದ್ದು ಬೆನ್ನು ಮಾತ್ರ. ಯಾರೋ ಹಿಂದಿನಿಂದ ಬೆನ್ನಿಗೆ ಬಡಿದು "ಖೋ" ಅಂದರು. ಅವಳು ಎದ್ದು ಓಡಿದ ವೇಗಕ್ಕೆ ನಾನೂ ಕಲ್ಲು ಬಿಟ್ಟು ಎದ್ದು ನಿಂತೆ. ಇಷ್ಟು ಉದ್ದದ ಕಾಲು ಇವಳಿಗೆ ಯಾವಾಗ ಬಂತು?

ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿತು. ಕಾಂಪೌಂಡಿನ ವಾಚ್‌ಮನ್ ಬೇಲಿಯ ಹತ್ತಿರ ಬಂದ.

"ಮೇಡಂ, ಚನ್ನರಾಯಪಟ್ಣದ್ ಬಸ್ಸು. ಓಡ್ರಿ, ಸಿಗ್ತದೆ."

"ಇನ್ನೊಂದು ಇದೆಯಲ್ಲಣ್ಣ."

"ಅದೆ, ಕತ್ಲಾಗೋಯ್ತದೆ ಅದು ಬರೋದು."

"ಆಗ್ಲಿ," ಅಂದೆ. ಬಸ್ಸು ಹೋಯಿತು. ಮಗಳು ಓಡುತ್ತಲೇ ಇದ್ದಳು, ಮೈದಾನದ ಮೇಲೆ ಇನ್ನೂ ಬಿಸಿಲಿತ್ತು.